ಎದ್ದಾಗ ಬರುವ ಕತ್ತಲೆ

ಕೊನೆಯ ರೊಟ್ಟಿ ಬುಟ್ಟಿಗೆ ಹಾಕಿ ಎದ್ದೆ. ಒಲೆ ಕಾಣಲಿಲ್ಲ. ಗೋಡೆಯೂ ಕಾಣಲಿಲ್ಲ. ಕಿವಿ ಗುಂಯ್ ಎಂದಿತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಅತ್ತೆ ಮುಖಕ್ಕೆ ನೀರು ಚಿಮುಕಿಸುತ್ತಿದ್ದರು.

"ಅಯ್ಯ ನಮ್ಮವ್ವಾ! ಒಲಿಯಾಗ ಬಿದ್ದಿದ್ರ ಏನ್ ಗತಿ?"

ನನಗೆ ಅಂಜಿಕೆಗಿಂತ ಮೊದಲು ಬಂದದ್ದು ಸೋಜಿಗ. ಕೂತಾಗ ಇಲ್ಲದ ರೋಗ ಎದ್ದಾಗ ಎಲ್ಲಿಂದ ಬರುತ್ತದೆ? ಮಲಗಿದರೆ ಎಲ್ಲಿಗೆ ಹೋಗುತ್ತದೆ? ನನ್ನದು ಮೊದಲಿನಿಂದಲೂ ಕೆದಕುವ ಬುದ್ಧಿ. "ಯಮ ಬಂದ್ರೂ ಯಾಕ ಬಂದಿ ಅಂತ ಕೇಳಾಕಿ ಇಕಿ" ಎಂದು ನಮ್ಮ ಮನೆಯವರು ನಗುತ್ತಾರೆ.

ಎರಡನೆಯ ಸಲ ಬಿದ್ದಾಗ ಕಂಕುಳಲ್ಲಿ ಕೂಸಿತ್ತು.

ಜೋಳದ ಚೀಲದ ಮೇಲೆ ಬಿದ್ದೆವು, ಕೂಸಿಗೇನೂ ಆಗಲಿಲ್ಲ. ಹಿಂದಿನ ಎರಡು ಕೂಸುಗಳನ್ನು ಮಣ್ಣು ಮಾಡಿದ ಮೇಲೆ ಉಳಿದ ಹುಡುಗಿ ಇವಳು. ಅತ್ತೆ ಅವಳನ್ನು ಕಸಿದುಕೊಂಡರು. ಅಂದಿನಿಂದ ಹಾಲು ಕುಡಿಸಲು ಮಾತ್ರ, ಅದೂ ನಾನು ಗೋಡೆಗೆ ಒರಗಿ ಕೂತ ಮೇಲೆ, ಕೂಸು ನನ್ನ ಮಡಿಲಿಗೆ ಬರುತ್ತಿತ್ತು. ಅತ್ತರೆ ನಾನು ಎತ್ತಿಕೊಂಡು ತಿರುಗಾಡುವಂತಿಲ್ಲ. ಅತ್ತೆ ಮಾಡಿದ್ದು ಸರಿಯೇ. ಆದರೂ ಹೊಟ್ಟೆ ಉರಿಯುತ್ತಿತ್ತು.

ನಮ್ಮದು ಯಲಬುರ್ಗಾ ಸೀಮೆಯ ಮಂಗಳೂರು, ಕಡಲ ದಂಡೆಯದಲ್ಲ. ಚಕ್ಕಡಿ ಹೂಡಿಸಿಕೊಂಡು ಅತ್ತೆಯೇ ನನ್ನನ್ನು ಕೊಪ್ಪಳಕ್ಕೆ, ನಿಜಾಮರ ಸರ್ಕಾರದ ದವಾಖಾನೆಗೆ ಕರೆದೊಯ್ದರು. ಡಾಕ್ಟರ್ ಸಾಹೇಬರು ತೋಳಿಗೆ ಪಟ್ಟಿ ಸುತ್ತಿ ರಬ್ಬರಿನ ಗುಂಡು ಹಿಚುಕಿದರು. ಗಾಜಿನ ಕೊಳವೆಯಲ್ಲಿ ಪಾದರಸ ಏರಿತು, ಇಳಿಯಿತು. ಮಲಗಿಸಿ ಒಮ್ಮೆ ನೋಡಿದರು, ನಿಲ್ಲಿಸಿ ಇನ್ನೊಮ್ಮೆ.

"ಬ್ಲಡ್ ಪ್ರೆಶರ್ ಕಮ್ಮಿ ಅದ."

"ಆ ಪಾದರಸಕ್ಕ ನನ್ನ ರಕ್ತದ ಸುದ್ದಿ ಹೆಂಗ ಗೊತ್ತಾತ್ರಿ?"

ಅತ್ತೆ ನನ್ನ ತೊಡೆ ಚಿವುಟಿದರು. ಸಾಹೇಬರು ನಕ್ಕರು. "ನೀವು ಎದ್ದಾಗ ರಕ್ತ ಕಾಲಿಗೆ ಇಳೀತದಮ್ಮ. ಅದನ್ನ ಮ್ಯಾಲ ತಲಿಗೆ ಮುಟ್ಟಿಸೋ ಒತ್ತಡ ನಿಮಗ ಸಾಲವಲ್ದು. ಔಷಧ ಬ್ಯಾಡ. ನೀರು ಭಾಳ ಕುಡೀರಿ, ಸಾವಕಾಶ ಏಳ್ರಿ. ಊಟದಾಗ ಉಪ್ಪು ಸರಿ ತಿಂತೀರಿಲ್ಲೋ?"

ನಾನು ತಲೆ ತಗ್ಗಿಸಿದೆ. ಅತ್ತೆಯೇ ಹೇಳಿದರು, "ಉಪ್ಪು ಬಿಟ್ಟಾಳ್ರಿ ಸಾಹೇಬ್ರ. ಹರಕಿ ಹೊತ್ತಾಳ."

ಈ ಕೂಸು ಹುಟ್ಟಿದ ಗಳಿಗೆಯಲ್ಲೇ ಹುಲಿಗೆಮ್ಮನಿಗೆ ಬೇಡಿಕೊಂಡಿದ್ದೆ. ಇದನ್ನು ಉಳಿಸು ತಾಯಿ, ಮೊದಲ ಕೂದಲು ತೆಗೆಸಿ ಜವಳ ಮಾಡುವ ತನಕ ಉಪ್ಪು ಮುಟ್ಟುವುದಿಲ್ಲ. ಜವಳಕ್ಕೆ ಇನ್ನೂ ತಿಂಗಳುಗಟ್ಟಲೆ ಇತ್ತು.

"ಹರಕಿ ಬಿಡ್ರಿ ಅಂತ ನಾ ಹೆಂಗ ಹೇಳ್ಲಿ?" ಎಂದರು ಸಾಹೇಬರು. "ಆದ್ರ ಇಂಥ ಬ್ಯಾಸಗಿ, ಹಾಲು ಕುಡಿಸೋ ಮೈ. ಉಪ್ಪಿಲ್ಲದ ಬೀಳೋದು ನಿಲ್ಲೋದು ಕಷ್ಟ ಅದ."

ಊರಿಗೆ ಬಂದು ಉಪ್ಪೊಂದು ಬಿಟ್ಟು ಎಲ್ಲ ಮಾಡಿದೆ. ನನ್ನ ಮೈಯನ್ನೇ ನಾನು ಕದ್ದು ನೋಡುವವಳ ಹಾಗೆ ನೋಡತೊಡಗಿದೆ. ಬೆಳಿಗ್ಗೆ ಏಳುವ ಮುಂಚೆ ತಂಬಿಗೆ ನೀರು ಕುಡಿದರೆ ಕತ್ತಲೆ ತಡವಾಗಿ ಬರುತ್ತಿತ್ತು. ಬಿಸಿನೀರು ಮೈಮೇಲೆ ಹಾಕಿಕೊಂಡ ದಿನ ಬೇಗ ಬರುತ್ತಿತ್ತು. ಹಾಸಿಗೆಯಲ್ಲೇ ಎದ್ದು ಕೂತು, ಕಾಲ ಬೆರಳು ಆಡಿಸಿ, ಮೀನಖಂಡ ಬಿಗಿದು ಬಿಟ್ಟು, ಆಮೇಲೆ ನಿಂತರೆ ಗೋಡೆ ಗೋಡೆಯಾಗಿಯೇ ಕಾಣುತ್ತಿತ್ತು. ಅಬ್ಬಾ, ಎಷ್ಟು ಖುಷಿಯಾಗುತ್ತಿತ್ತು ಆಗ! ಆದರೆ ಮಧ್ಯಾಹ್ನದ ಬಿಸಿಲಿಗೆ ಈ ಜಾಣತನವೆಲ್ಲ ಸಾಲುತ್ತಿರಲಿಲ್ಲ.

ಅಂಥದೊಂದು ಮಧ್ಯಾಹ್ನ ಕೂಸು ತೊಟ್ಟಿಲಲ್ಲಿ ಚೀರಿತು. ಎದ್ದೆ. ಕತ್ತಲೆ. ಕೂತೆ. ಮತ್ತೆ ಎದ್ದೆ, ಮತ್ತೆ ಕತ್ತಲೆ. ತೆವಳಿಕೊಂಡು ಹೋಗಿ ತೊಟ್ಟಿಲ ಹಗ್ಗ ಹಿಡಿದು ಜಗ್ಗುತ್ತ ಅತ್ತುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅತ್ತೆ ಎಲ್ಲ ನೋಡಿದ್ದರು.

ಅವರು ಕಾಲು ತೊಳೆದುಕೊಂಡು ಬಂದು ದೇವರ ಜಗುಲಿಯ ಮುಂದೆ ನಿಂತರು.

"ಹುಲಿಗೆಮ್ಮವ್ವಾ, ಇಕಿ ಹರಕಿ ಇವತ್ತಿಂದ ನಂದು. ಜವಳದ ತನಕ ನಾ ಉಪ್ಪು ಬಿಡ್ತೀನಿ. ಇಕಿನ್ನ ಬಿಟ್ಟುಬಿಡು."

ಊಟಕ್ಕೆ ಕೂತರೆ ಮೊದಲು ಉಪ್ಪಿನಕಾಯಿ ಕೇಳುವ ಹೆಂಗಸು ನನ್ನ ಅತ್ತೆ. ನಾನು ಗಾಬರಿಯಾದೆ. "ಹರಕಿ ಹಂಗ ಬದಲಿ ಮಾಡಾಕ ಬರ್ತೈತೇನ್ರಿ ಅತ್ತಿ? ನಿಮಗೂ ಚಕ್ಕರ ಬಂದ್ರ?"

"ನನ್ನ ರಕ್ತದಾಗ ಸೊಕ್ಕು ಭಾಳ ಐತಿ, ಒಂದೀಟು ಇಳೀಲಿ. ಚಕ್ಕರ ಬಂದ್ರ ಆಗ ನೋಡೂಣು. ಎಲ್ಲಾದಕ್ಕೂ ಪ್ರಶ್ನಿ ಕೇಳಬ್ಯಾಡ. ಆಕಿನೂ ತಾಯಿ ಅದಾಳ, ತಿಳೀತೈತಿ ಆಕಿಗೆ."

ಮಜ್ಜಿಗೆಗೆ ತಮ್ಮ ಕೈಯಿಂದಲೇ ಉಪ್ಪು ಹಾಕಿ ಕದಡಿ ಕೊಟ್ಟರು. ಮೊದಲ ಗುಟುಕಿಗೆ ನಾಲಿಗೆ ಜುಮ್ಮೆಂದಿತು. ಕುಡಿಯುತ್ತ ಅತ್ತುಬಿಟ್ಟೆ, ಅಳುತ್ತ ಕುಡಿದೆ.

ಕತ್ತಲೆ ಒಮ್ಮೆಲೇ ಹೋಗಲಿಲ್ಲ. ಮೊದಲು ದಿನ ಬಿಟ್ಟು ದಿನ ಬಂತು, ಆಮೇಲೆ ಯಾವಾಗಲೋ ಒಮ್ಮೆ. ಈಗಲೂ ದಡಕ್ಕನೆ ಎದ್ದರೆ ಕಣ್ಣಂಚಿನಲ್ಲಿ ಇಣುಕುತ್ತದೆ. ಸಾವಕಾಶ ಏಳುವುದು ರೂಢಿಯಾಗಿದೆ. ಅತ್ತೆ ಗಟ್ಟಿಮುಟ್ಟಾಗಿಯೇ ಇದ್ದಾರೆ, ಸಪ್ಪನೆಯ ಪುಂಡಿಪಲ್ಯ ನುಂಗುವಾಗ ಮಾತ್ರ ನನ್ನ ಕಡೆ ಕೆಕ್ಕರಿಸಿ ನೋಡುತ್ತಾರೆ.

ಮೊನ್ನೆ ಸಂಜೆ ಅಂಗಳದಲ್ಲಿ ನಿಂತಿದ್ದೆ. ಕೂಸನ್ನು ಎತ್ತಿಕೊಂಡು ಅತ್ತೆ ಬಂದರು.

"ತಗೋ."

"ನಿಂತಕೊಂಡ?"

"ನಿಂತಕೊಂಡ."

ಕೂಸು ನನ್ನ ತೋಳಿಗೆ ಬಂದು ಮೂಗುತಿಗೆ ಕೈ ಹಾಕಿತು. ಅತ್ತೆ ಅದರ ಕೆಳಗೆ ತಮ್ಮ ಎರಡೂ ಕೈ ಹಾಗೇ ಹಿಡಿದು, ನನ್ನ ಕಣ್ಣನ್ನೇ ನೋಡುತ್ತ ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೈ ತೆಗೆದರು.