ಅಪ್ಪನ ಒಣ ನಾಲಿಗೆ

ವಾದ ಮಾಡುವುದನ್ನು ನನಗೆ ಕಲಿಸಿದ್ದು ಅಪ್ಪ. ಹೊಸ ತಿಪ್ಪಸಂದ್ರದ ಬಾಡಿಗೆ ಮನೆಯಲ್ಲಿ ಊಟವಾದ ಮೇಲೆ ನನ್ನನ್ನು ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿಸಿ, ತಾನು ಸ್ಟೀಲ್ ಲೋಟ ಹಿಡಿದು ಕೂರುತ್ತಿದ್ದ. ಸಮಯ ಮುಗಿಯುತ್ತ ಬಂದರೆ ಚಮಚದಿಂದ ಲೋಟಕ್ಕೆ ಒಂದೇಟು. ಅದು ಎಚ್ಚರಿಕೆಯ ಗಂಟೆ. ಇನ್ನೊಂದೇಟು ಬಿದ್ದರೆ ವಾಕ್ಯ ಅರ್ಧದಲ್ಲಿದ್ದರೂ ಬಾಯಿ ಮುಚ್ಚಬೇಕು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಶೀಲ್ಡುಗಳ ಹಿಂದೆಲ್ಲ ಆ ಲೋಟದ ಸದ್ದಿದೆ.

ಅಪ್ಪ ಗರುಡಾಚಾರ್‌ಪಾಳ್ಯದ ಒಂದು ಪಂಪ್ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮೇಲೆ ಕೆಲಸ ಮಾಡುತ್ತಿದ್ದ. ಅಲ್ಲಿನವರಿಗೆ ಅವನು ಹೆಚ್ಚು ಪರಿಚಿತನಾಗಿದ್ದದ್ದು ಕಾರ್ಮಿಕ ಸಂಘದ ಗೇಟ್ ಮೀಟಿಂಗಿನ ಮಾತುಗಾರನಾಗಿ. ಮೈಕ್ ಕೆಟ್ಟರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲವಂತೆ, ಹಿಂದಿನ ಸಾಲಿಗೂ ಅವನ ಗಂಟಲು ಮುಟ್ಟುತ್ತಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅವನ ಬಿಪಿ ಏರಿತು. ಒಂದು ಮಾತ್ರೆಗೆ ಕಾಲು ಊದಿತು, ಇನ್ನೊಂದಕ್ಕೆ ಏನೂ ಆಗಲಿಲ್ಲ. ಹಲಸೂರಿನ ಕ್ಲಿನಿಕ್ಕಿನ ಡಾಕ್ಟರಮ್ಮ ಮೂರನೆಯದನ್ನು ಬರೆದುಕೊಟ್ಟು, ಇದು ಮೆದುಳಿನ ಮೇಲೆ ಕೆಲಸ ಮಾಡುತ್ತದೆ ಎಂದರು. ನನಗೆ ಸಿಟ್ಟು ಬಂತು. ಬಿಪಿಗೆ ತಲೆಯ ಮಾತ್ರೆ ಏಕೆ, ನಮ್ಮಪ್ಪನ ತಲೆಗೇನಾಗಿದೆ ಎಂದು ಕೇಳಿದೆ.

"ಹೃದಯ ತಾನಾಗೇ ಅಷ್ಟು ಜೋರಾಗಿ ಓಡಲ್ಲಮ್ಮ, ಓಡು ಅಂತ ತಲೆ ಹೇಳುತ್ತೆ. ಹೇಳೋರನ್ನ ಸ್ವಲ್ಪ ಸುಮ್ಮನಿರಿಸೋಣ ಅಂತ," ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, ಇದನ್ನು ಒಮ್ಮೆಲೇ ನಿಲ್ಲಿಸಕೂಡದು, ಒಂದು ಹೊತ್ತೂ ತಪ್ಪಿಸಕೂಡದು ಎಂದು ಎಚ್ಚರಿಸಿದರು.

ಯಾರೋ ಹೇಳಿದರು ಎಂದು ಒಪ್ಪುವ ಜಾತಿ ನನ್ನದಲ್ಲ. ಕಾಲೇಜಿನ ಲೈಬ್ರರಿಯಲ್ಲಿ ಓದಿದೆ. ಮೆದುಳಿನ ಬುಡದ ನರಗಳು ಹೃದಯಕ್ಕೂ ರಕ್ತನಾಳಗಳಿಗೂ ಅಪ್ಪಣೆ ಕಳಿಸುತ್ತಲೇ ಇರುತ್ತವೆ: ಜೋರಾಗಿ ಬಡಿ, ಬಿಗಿಯಾಗು. ಅಲ್ಲೇ ಕೆಲವು ರಿಸೆಪ್ಟರುಗಳಿವೆ. ನರಗಳು ಬಿಡುವ ರಾಸಾಯನಿಕವೇ ಬಂದು ತಾಗಿದರೆ ಅವು ಸಾಕು ಎನ್ನುತ್ತವೆ, ಅಪ್ಪಣೆಯ ಜೋರು ತಗ್ಗುತ್ತದೆ, ಬಡಿತ ನಿಧಾನವಾಗುತ್ತದೆ. ಈ ಮಾತ್ರೆ ಅದೇ ರಿಸೆಪ್ಟರುಗಳನ್ನು ತಾಗುತ್ತದೆ. ನಮ್ಮ ಜೀವಶಾಸ್ತ್ರದ ಮೇಡಂ ರಿಸೆಪ್ಟರ್ ಎಂದರೆ ಬೀಗ, ಔಷಧಿ ಎಂದರೆ ಕೀಲಿ ಎನ್ನುತ್ತಿದ್ದರು. ನನಗೆ ಹೊಳೆದದ್ದು ಅಪ್ಪನ ಲೋಟ. ಮಾತ್ರೆ ಎಚ್ಚರಿಕೆಯ ಗಂಟೆಯನ್ನು ಬಾರಿಸುತ್ತಲೇ ಇರುತ್ತದೆ. ಫಕ್ಕನೆ ಗಂಟೆ ನಿಂತರೆ ಇಷ್ಟು ದಿನ ಅದುಮಿಟ್ಟದ್ದೆಲ್ಲ ಒಟ್ಟಿಗೆ ನುಗ್ಗುತ್ತದೆ, ಬಿಪಿ ಮೊದಲಿಗಿಂತ ಮೇಲೇರಬಹುದು.

ಹೀಗೆ ಅನುಮಾನದಿಂದ ಶುರುಮಾಡಿದವಳು ಮಾತ್ರೆಯ ವಕೀಲಳಾದೆ. ಹೊತ್ತುಹೊತ್ತಿಗೆ ನಾನೇ ನೀರು ತಂದು ಮುಂದೆ ನಿಲ್ಲುತ್ತಿದ್ದೆ. ಬಿಪಿ ಇಳಿಯಿತು. ಅಪ್ಪನೂ ಇಳಿದ. ಪೇಪರ್ ಓದುತ್ತ ಕೂತಲ್ಲೇ ತೂಕಡಿಸುತ್ತಿದ್ದ. ಬಾಯಿ ಒಣಗಿ ಮಾತಿನ ನಡುವೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ನಾನು ಬೇಕೆಂದೇ ತಪ್ಪು ತರ್ಕ ಮುಂದಿಟ್ಟರೂ "ಇರಬಹುದು" ಎಂದು ಸುಮ್ಮನಾಗುತ್ತಿದ್ದ. ಅಮ್ಮನಿಗೆ ಖುಷಿ. ಕೊನೆಗೂ ಮನೆಯಲ್ಲಿ ಅಸೆಂಬ್ಲಿ ಮುಂದೂಡಿದರಲ್ಲ ಎಂದು ನಗುತ್ತಿದ್ದಳು. ನನಗೂ ಖುಷಿಯೇ ಆಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ದಿನವೂ ಗೆಲ್ಲುತ್ತಿದ್ದೆ.

ಮುಂದಿನ ತಪಾಸಣೆಗೆ ಹೋಗುವಾಗ ಬಸ್ಸಿನಲ್ಲಿ ಅಪ್ಪ, ಈ ಬಾಯಿ ಒಣಗುವುದನ್ನು ಅವರಿಗೆ ಹೇಳಬೇಕು ಎಂದ. ಡಾಕ್ಟರಮ್ಮ ಬಿಪಿ ನೋಡಿ, ಏನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಅಪ್ಪ ತುಟಿ ಒದ್ದೆ ಮಾಡಿಕೊಳ್ಳುವಷ್ಟರಲ್ಲಿ ನಾನು ಉತ್ತರಿಸಿಯಾಗಿತ್ತು.

"ಏನಿಲ್ಲ ಡಾಕ್ಟ್ರೇ, ಚೆನ್ನಾಗಿದಾರೆ."

ಬಿಪಿ ಇಳಿದಿರುವಾಗ ಅದನ್ನು ಕೆದಕುವುದೇಕೆ, ಮತ್ತೆ ಕಾಲು ಊದುವ ಮಾತ್ರೆಗೆ ಮರಳುವುದೇಕೆ ಎಂಬುದು ನನ್ನ ಲೆಕ್ಕ. ಅಪ್ಪ ನನ್ನ ಮುಖ ನೋಡಿ ಅಂಗಿಯ ತೋಳು ಇಳಿಸಿಕೊಂಡ.

ಅದೇ ತಿಂಗಳು ಕಾರ್ಖಾನೆಯ ಮಾಲೀಕರು ಜಾಗ ಮಾರುತ್ತಾರೆಂಬ ಸುದ್ದಿ ಖಚಿತವಾಯಿತು. ಪರಿಹಾರ ತೆಗೆದುಕೊಂಡು ಮನೆಗೆ ಹೋಗುವುದೋ, ಹೊಸೂರಿನ ಕಡೆ ಕಟ್ಟುತ್ತಿದ್ದ ಹೊಸ ಘಟಕದಲ್ಲಿ ಕೆಲಸ ಕೊಡಿ ಎಂದು ಪಟ್ಟು ಹಿಡಿಯುವುದೋ ಎಂದು ಕೆಲಸಗಾರರು ಭಾನುವಾರ ಗೇಟಿನ ಮುಂದೆ ಕೈ ಎತ್ತಿ ತೀರ್ಮಾನಿಸಬೇಕಿತ್ತು. ಪಟ್ಟು ಹಿಡಿಯೋಣ ಎಂದು ಹೇಳಲು ಸಂಘದವರು ಅಪ್ಪನನ್ನೇ ಆರಿಸಿದ್ದರು. ಕೆಲಸ ಹೋದರೆ ಆ ವಯಸ್ಸಿನಲ್ಲಿ ಅವನನ್ನು ಇನ್ಯಾರು ಲೇತ್ ಮುಂದೆ ನಿಲ್ಲಿಸುತ್ತಿದ್ದರು?

ಶನಿವಾರ ಸಂಜೆ, ಅಮ್ಮ ಹುರುಳಿಕಾಯಿ ಮುರಿಯುತ್ತ ಕೂತಿದ್ದಾಗ ಅಪ್ಪ ನನಗೆ ಮೆಲ್ಲಗೆ ಹೇಳಿದ: "ನಾಳೆ ಬೆಳಗ್ಗೇದು ಬಿಡ್ತೀನಿ ಕಣೆ. ಮೀಟಿಂಗ್ ಮುಗಿಸ್ಕೊಂಡು ಬಂದು ತಗೋತೀನಿ. ಇದನ್ನ ನುಂಗಿದ್ರೆ ಮಾತೇ ಎದ್ದೇಳಲ್ಲ."

ನಾನು ಶುರುಮಾಡಿದೆ. ರಿಸೆಪ್ಟರ್, ನರ, ನುಗ್ಗುವ ಬಿಪಿ. ಸಾವಿರ ಜನರ ಮುಂದೆ ಕುಸಿದು ಬಿದ್ದರೆ ಆ ಭಾಷಣ ಯಾರಿಗೆ ಬೇಕು ಎಂದೆ. ಅವನು ಒಂದೆರಡು ಮಾತು ಜೋಡಿಸಲು ನೋಡಿದ, ನಾನು ಬಿಡಲಿಲ್ಲ. "ಕೆಲಸ ಬೇಕೋ, ಜೀವ ಬೇಕೋ ಹೇಳಪ್ಪ," ಎಂದೆ. ಅಮ್ಮ ತಲೆಯೆತ್ತಿ, "ಸಾಕು ಬಿಡೇ, ಪಾಪ," ಎಂದಳು. ಭಾನುವಾರ ಬೆಳಗ್ಗೆ ಅಪ್ಪ ನನ್ನ ಮುಂದೆಯೇ ಮಾತ್ರೆ ನುಂಗಿದ.

ನೀರಿನ ಬಾಟಲಿ ಹಿಡಿದು ನಾನೂ ಜೊತೆಗೆ ಹೋಗಿ ಗೇಟಿನ ಪಕ್ಕದ ಟೀ ಗಾಡಿಯ ಹತ್ತಿರ ನಿಂತೆ. ಅಪ್ಪನ ಮಾತು ಸರಿಯಾಗಿಯೇ ಇತ್ತು. ಬರೆದುಕೊಟ್ಟಿದ್ದರೆ ನಾನೇ ಒಳ್ಳೆಯ ಅಂಕ ಕೊಡುತ್ತಿದ್ದೆ. ಆದರೆ ಒಂದೊಂದು ಪದವೂ ಅಂಟಿನಿಂದ ಬಿಡಿಸಿಕೊಂಡು ಬರುತ್ತಿತ್ತು. ಎರಡು ಸಲ ನಿಲ್ಲಿಸಿ ನೀರು ಕುಡಿದ. ಹಿಂದಿನಿಂದ ಯಾರೋ "ಅಣ್ಣ, ನಿದ್ದೆ ಆಗಿಲ್ವಾ? ಹೋಗಿ ಮಲ್ಕೊಳಿ ಗುರುವೇ," ಎಂದರು. ನಗು ಹರಡಿತು. ಅಪ್ಪನ ಹಳೆಯ ಸಿಟ್ಟು ಏಳುತ್ತದೆಂದು ಕಾದೆ. ಏಳಲಿಲ್ಲ. ಅವನ ಎದೆ ನಾನು ಬಯಸಿದ ಹಾಗೆಯೇ ನಿಧಾನವಾಗಿ ಬಡಿಯುತ್ತಿತ್ತು. ಆಮೇಲೆ ಮಾತಾಡಿದವನು ಪರಿಹಾರದ ಪರ. ಅವನಿಗೇ ಕೈಗಳು ಎದ್ದವು.

ಮಾತ್ರೆ ತಪ್ಪಿಸಿದ್ದರೆ ಗೆಲ್ಲುತ್ತಿದ್ದನೆಂದು ಸಾಬೀತು ಮಾಡಲಾಗದು. ಎಷ್ಟೋ ಜನ ಮೊದಲೇ ಮನಸ್ಸು ಮಾಡಿದ್ದಿರಬಹುದು. ಈ ವಾದವನ್ನು ನನ್ನ ಪರವಾಗಿ ನಾನು ಬಹಳ ಸಲ ಮಂಡಿಸಿದ್ದೇನೆ. ಎಲ್ಲೂ ಬಿರುಕಿಲ್ಲ, ಆದರೂ ನೆಮ್ಮದಿ ಕೊಟ್ಟಿಲ್ಲ.

ವಾಪಸು ಬರುವಾಗ ಅಪ್ಪ ಹೇಳಿದ್ದು ಒಂದೇ ಮಾತು. "ನೀನು ಹೇಳಿದ್ದು ಸರಿ ಕಣೆ. ಮಾತ್ರೆ ಬಿಡೋ ಹಾಗಿರ್ಲಿಲ್ಲ."

ಮತ್ತೆ ಹಲಸೂರಿಗೆ ಹೋದಾಗ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಅಪ್ಪ ನನ್ನ ಕಡೆ ತಿರುಗಿದ. ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ.

"ನೀನೇ ಹೇಳಪ್ಪ," ಎಂದೆ.

ನಿಧಾನವಾಗಿ, ನಾಲಿಗೆ ಬಿಡಿಸಿಕೊಳ್ಳುತ್ತ, ಎಲ್ಲ ಹೇಳಿದ. ತೂಕಡಿಕೆ, ಒಣ ಬಾಯಿ, ಮಾತು ಮೇಲೇಳದ್ದು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಇದನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬೇರೆ ಮಾತ್ರೆಗೆ ಹೋಗಬಹುದು, ಕಷ್ಟವೇನಿಲ್ಲ ಎಂದರು. ಬಿಡುವುದು ಮತ್ತು ನುಂಗುವುದು, ಈ ಎರಡರ ನಡುವೆ ಮೂರನೆಯದೊಂದು ಇರಬಹುದೆಂದು ನಾನು ಯೋಚಿಸಿಯೇ ಇರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಇರುವುದು ಪರ ಮತ್ತು ವಿರೋಧ ಮಾತ್ರ.

"ಹೋದ ಸಲಾನೇ ಹೇಳಿದ್ರೆ ಆಗ್ಲೇ ಶುರುಮಾಡ್ಬಹುದಿತ್ತಲ್ಲ," ಎಂದರು ಅವರು.

ಅಪ್ಪ ನನ್ನ ಕಡೆ ನೋಡಲಿಲ್ಲ. "ಮರೆತ್ಬಿಟ್ಟೆ ಡಾಕ್ಟ್ರೇ," ಎಂದ.

ಅದು ಸುಳ್ಳು. ಒಂದೇ ವಾಕ್ಯದಲ್ಲಿ ಅಲ್ಲಗಳೆಯಬಹುದಿತ್ತು. ಅವನಿಗೆ ಹಾಕಿಕೊಳ್ಳಲೆಂದು ಚಪ್ಪಲಿ ಮುಂದೆ ಸರಿಸಿದೆ.