ಹಲಗೆಯ ಮೇಲೆ ಒಂದು ಚೀಲದ ಜಾಗ

ಮುಂಬಯಿಯ ಗೋರೆಗಾಂವ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಗಡಿನ ಶೆಡ್ಡಿನ ಮೇಲೆ ಮಳೆ ಒಂದೇ ಸಮನೆ ಹೊಡೆಯುತ್ತಿದೆ. ಒಳಗೆ ಬಲ್ಬಿನ ಬಿಸಿಗೆ ಒತ್ತಿಕೊಂಡು ನಿಂತ ಮುನ್ನೂರು ಕೋಳಿಮರಿಗಳು ಹಸಿದು ಗದ್ದಲ ಎಬ್ಬಿಸಿವೆ. ನಾಗವ್ವ ಮಾತ್ರ ಅವಸರ ಮಾಡುವುದಿಲ್ಲ. ನಿನ್ನೆ ಟೆಂಪೋದಲ್ಲಿ ಬಂದ ಫೀಡ್ ಚೀಲದೊಳಗೆ ಮೊಣಕೈವರೆಗೂ ಕೈ ಇಳಿಸಿ, ತಳದ ನುಚ್ಚನ್ನು ಹಿಡಿ ತುಂಬ ತೆಗೆದು ಮೂಸುತ್ತಾರೆ. ಮುಖ ಸಿಂಡರಿಸುತ್ತಾರೆ.

"ತಳಾ ತೊಯ್ದೈತಿ. ಮುಗ್ಗಲ ನಾತ ಬಡೀತೈತಿ," ಎಂದು ಮರಿಗಳಿಗೇ ಹೇಳುತ್ತಾರೆ. ಇನ್ಯಾರಿಗೆ ಹೇಳಬೇಕು? ಈ ಆಸುಪಾಸಿನಲ್ಲಿ ದಿನವೂ ಅವರ ಕನ್ನಡ ಕೇಳಿಸಿಕೊಳ್ಳುವವು ಇವಷ್ಟೇ.

ಬಾಗೇವಾಡಿ ಕಡೆಯಿಂದ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಬಂದವರು. ಗಂಡ ತೀರಿಕೊಂಡ ಮೇಲೆ ಈ ಶೆಡ್ಡೇ ಮನೆ. ಮರಿಗಳು ಬರುತ್ತವೆ, ಒಂದೂವರೆ ತಿಂಗಳಿಗೆ ಬೆಳೆದು ಮಾಂಸದಂಗಡಿಗೆ ಹೋಗುತ್ತವೆ.

ಮೊದಲ ಮಳೆಗಾಲದಲ್ಲಿ ಅವರಿಗೆ ಊರಿನ ಹಗೇವು ನೆನಪಾಗಿತ್ತು. ನೆಲದಡಿಯ ಆ ಕಣಜಕ್ಕೆ ಜೋಳ ತುಂಬಿ, ಗಾಳಿಯಾಡದಂತೆ ಬಾಯಿ ಮುಚ್ಚಿದರೆ ವರ್ಷವಾದರೂ ಕೆಡದು. ಹಾಗೆಯೇ ಇಲ್ಲೂ ನುಚ್ಚನ್ನು ಡ್ರಮ್ಮಿಗೆ ತುಂಬಿ, ಮುಚ್ಚಳದ ಸುತ್ತ ಮಣ್ಣು ಮೆತ್ತಿದರು. ಮುಂಬಯಿಯ ಹಸಿ ಗಾಳಿ ಅಷ್ಟರಲ್ಲೇ ನುಚ್ಚಿನೊಳಗೆ ಸೇರಿತ್ತು. ಬೂಷ್ಟು ಹಿಡಿಯಿತು, ತಿಂದ ಮರಿಗಳಲ್ಲಿ ಅರ್ಧಕ್ಕರ್ಧ ಸತ್ತವು.

"ಶೆಡ್ ಗಪ್ ಆತ್ರಿ. ನಾನ ಕೈಯಾರ ವಿಷಾ ಹಾಕಿದಂಗಾತು," ಎಂದು ಶೆಡ್ಡು ನೋಡಲು ಬಂದ ನಮಗೆ ಹೇಳುತ್ತಾರೆ.

ಈಗ ಚೀಲಗಳು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಕೂರುತ್ತವೆ. ಹಳೆಯದು ಮುಂದೆ, ಹೊಸದು ಹಿಂದೆ. ಕೊನೆಯಲ್ಲಿ ಒಂದು ಚೀಲದಷ್ಟು ಜಾಗ ಯಾಕೋ ಖಾಲಿ ಬಿದ್ದಿದೆ.

ಮುಲುಂಡ್‌ನಲ್ಲಿರುವ ಮಾಲೀಕ ಧನರಾಜ್‌ಗೆ ಫೋನ್ ಹೋಗುತ್ತದೆ. "ಮೇಲಿನದ್ದು ಸರಿ ಉಂಟಲ್ಲ ಮಾರಾಯ್ತಿ, ಅದನ್ನು ಹಾಕಿ," ಎನ್ನುತ್ತಾರೆ ಅವರು.

"ಹಾಕಂಗಿಲ್ರಿ. ಬ್ಯಾರೆ ಕಳಸ್ರಿ."

ಧನರಾಜ್ ಗೊಣಗುತ್ತಲೇ ಒಪ್ಪುತ್ತಾರೆ. ಹಳೆಯ ಚೀಲಗಳು ಮುಗಿದಿವೆ, ಹಲಗೆಯ ಮೇಲಿರುವುದೆಲ್ಲ ನಿನ್ನೆ ಬಂದದ್ದೇ. ಇಂಥ ದಿನಕ್ಕೆಂದೇ ತೊಲೆಗೆ ತೂಗುಹಾಕಿದ್ದ ಒಣ ನುಚ್ಚಿನ ಗಂಟನ್ನು ಬಿಚ್ಚಿ ನಾಗವ್ವ ತಟ್ಟೆಗಳಿಗೆ ಸುರಿಯುತ್ತಾರೆ. ಗದ್ದಲ ಅಡಗಿ, ಕುಟುಕುವ ಸದ್ದಷ್ಟೇ ಉಳಿಯುತ್ತದೆ.

ತಿಂಗಳೊಪ್ಪತ್ತಿನಲ್ಲಿ ಇವೂ ಹೋಗುತ್ತವೆ. ಹೊಸ ಮರಿಗಳು ಬರುವ ತನಕ ಮಾತಿಗೆ ಯಾರೂ ಇಲ್ಲ. "ಆವಾಗ ಊಟಾ ಸೇರಂಗಿಲ್ರಿ. ಈ ಸಲ ಒಂದ ಹೆಣ್ಣಮರಿ ನನಗ ಬಿಡ್ರಿ ಅಂತ ಸಾವಕಾರಗ ಕೇಳಬೇಕು."

ಇನ್ನೂ ಕೇಳಿಲ್ಲ. ಹಲಗೆಯ ಆ ಖಾಲಿ ಜಾಗವನ್ನು ಮಾತ್ರ ಸೆರಗಿನಿಂದ ಒರೆಸುತ್ತಾರೆ.

"ದೊಡ್ಡದಾದ ಮ್ಯಾಲ ಅದಕ್ಕ ಮರೀ ನುಚ್ಚ ನಡ್ಯಂಗಿಲ್ಲ, ಮೊಟ್ಟಿಕೋಳಿ ಫೀಡ್ ಬ್ಯಾರೆ ಬೇಕು. ಆ ಚೀಲಕ್ಕ ಜಾಗಾ ಹಿಡದ ಇಟ್ಟೀನ್ರಿ."