ಆಲೆಮನೆಯ ಒಲೆ ಆರಿದ ವರ್ಷ

ಇವತ್ತು ಬೆಳಗ್ಗೆ ಮನೆಯಲ್ಲಿ ಸಕ್ಕರೆ ಮುಗಿದಿತ್ತು. ಕಾಫಿಗೆ ಒಂದು ಉಂಡೆ ಬೆಲ್ಲ ಹಾಕಿದೆ. ಪಡಸಾಲೆಯಲ್ಲಿ ನಮ್ಮ ಯಜಮಾನರು ಪರದೇಶದ ಬಂಡವಾಳದ ಮೇಲೆ ಬಂದ ಲೇಖನವನ್ನು ಶ್ರೀರಂಗಪಟ್ಟಣದ ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದರು. "ಏನಂತೀಯಮ್ಮಿ? ಇದು ದೇಶಕ್ಕೆ ಬೇಕೋ ಬೇಡ್ವೋ?" ಎಂದು ತಮಾಷೆಗೆ ನನ್ನನ್ನೂ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬೆಲ್ಲ ಕರಗುವ ಘಮಲು ಮೂಗಿಗೆ ಬಡಿಯಿತು. ನಿಂತಲ್ಲೇ ಅರಕೆರೆಗೆ ಹೋಗಿಬಿಟ್ಟೆ. ನೀವೂ ಬನ್ನಿ, ಯಜಮಾನರು ಕಾಯುತ್ತಾರೆ.

ನಾನು ನಾಗಮಂಗಲದ ಕಡೆಯವಳು. ಹುರುಳಿ, ರಾಗಿ ಬಿತ್ತಿ ಮೋಡ ನೋಡುವ ಜನ ನಾವು. ಮದುವೆಯಾಗಿ ಅರಕೆರೆಗೆ ಬಂದ ದಿನ, ಯಾರೂ ಸೇದದೆ ತಾನಾಗಿ ಹರಿಯುವ ನಾಲೆಯ ನೀರನ್ನು ಕಂಡು ಗಾಡಿಯಿಂದಿಳಿದು ನಿಂತುಬಿಟ್ಟಿದ್ದೆ. "ಗಂಡನ್ ಮುಖಾನೂ ಅಂಗ್ ನೋಡ್ನಿಲ್ಲ ಇವ್ಳು" ಎಂದು ನಮ್ಮತ್ತೆ ಎಷ್ಟೋ ದಿನ ಆಡಿಕೊಂಡರು. ಅವರು ಹೇಳಿದ್ದು ನಿಜವೇ.

ಮಾವನ ಆಲೆಮನೆ ರಸ್ತೆಯ ಪಕ್ಕದಲ್ಲೇ ಇತ್ತು. ಎತ್ತುಗಳು ಗಾಣ ತಿರುಗಿಸುತ್ತಿದ್ದವು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು. ದಾರಿಹೋಕರು ಯಾರೇ ಒಳಗೆ ಬರಲಿ, ಒಂದು ತಂಬಿಗೆ ಹಾಲು ಕುಡಿಸಿ, ಅಂಗೈಗೆ ಬಿಸಿ ಬೆಲ್ಲ ಹಾಕದೆ ಕಳಿಸುವ ಪದ್ಧತಿಯಿರಲಿಲ್ಲ. ಮಾವನ ಮೇಲೆ ಕೋರ್ಟಿಗೆ ಹೋಗಿದ್ದ ದಾಯಾದಿಯೂ ಬರುತ್ತಿದ್ದ. ಮುಖ ತಿರುಗಿಸಿಕೊಂಡೇ ಕುಡಿದು, ಮುಖ ತಿರುಗಿಸಿಕೊಂಡೇ ಹೋಗುತ್ತಿದ್ದ.

ಆಗ ನಮ್ಮ ಸೀಮೆಗೆ ಸಕ್ಕರೆ ಕಾರ್ಖಾನೆ ಬಂತು. ದುಡ್ಡು ಪರದೇಶದ್ದು, ಯಂತ್ರ ಹಡಗಿನಲ್ಲಿ ಬಂದದ್ದು. ರೈಲಿನಲ್ಲಿ ಪಾಂಡವಪುರಕ್ಕೆ ಬಂದಿಳಿದ, ಕಬ್ಬು ಹಿಂಡುವ ಒಂದೊಂದು ಉರುಳೆಯೂ ನಮ್ಮ ಅಡುಗೆಮನೆಯಷ್ಟು ದಪ್ಪ ಎಂದು ಯಜಮಾನರು ಬಂದು ಹೇಳಿದಾಗ ನಾನು ನಂಬಲಿಲ್ಲ. ಅವರು ಆಗಷ್ಟೇ ಓದು ಮುಗಿಸಿದ್ದರು, ಕಾರ್ಖಾನೆಯ ಪರವಾಗಿ ಊರೂರು ಸುತ್ತಿ ಭಾಷಣ ಮಾಡುತ್ತಿದ್ದರು. ಹಿಂದೆಯೇ ಸರ್ಕಾರದ ಕಟ್ಟಳೆಯೂ ಬಂತು. ಕಾರ್ಖಾನೆ ನಡೆಯುವ ತಿಂಗಳುಗಳಲ್ಲಿ ಸುತ್ತಲ ಹಳ್ಳಿಗಳ ಕಬ್ಬೆಲ್ಲ ಅಲ್ಲಿಗೇ ಹೋಗಬೇಕು, ಆಲೆಮನೆ ಹೊತ್ತಿಸಬಾರದು.

"ನನ್ ಒಲೆ ಆರ್ಸಾಕೆ ಇವ್ರ್ಯಾರ್ಲಾ?" ಎಂದು ಮಾವ ಮಗನ ಮೇಲೆ ಹಾರಾಡಿದರು. ಮರುದಿನ ಬೇಕೆಂದೇ ಒಲೆಗೆ ಇನ್ನಷ್ಟು ಕಬ್ಬಿನ ಸಿಪ್ಪೆ ತುಂಬಿಸಿದರು.

ಆದರೂ ಕಾರ್ಖಾನೆ ಶುರುವಾದ ದಿನ ನಾವೆಲ್ಲ ಹೋದೆವು, ಕೈಯಲ್ಲಿ ತಂಬಿಗೆ ಹಿಡಿದು! ಹೊಸ ಗಾಣದ ಮೊದಲ ಹಾಲು ಊರಿಗೆ ತಾನೇ? ನಗಬೇಡಿ, ನಮಗೆ ಬೇರೆ ತಿಳಿದಿರಲಿಲ್ಲ. ಗೇಟಿನವನು ತಂಬಿಗೆಗಳ ಮೆರವಣಿಗೆ ನೋಡಿ ಬಾಯಿಬಿಟ್ಟ. ಯಾರೋ ಆಫೀಸರು ಕನಿಕರಪಟ್ಟು ಒಳಗೆ ಬಿಟ್ಟರು.

ಒಳಗೆ ಕಂಡದ್ದನ್ನು ಹೇಗೆ ಹೇಳಲಿ? ಕಾಲ ಕೆಳಗೆ ನೆಲ ನಡುಗುತ್ತಿತ್ತು. ಗಾಡಿಗಟ್ಟಲೆ ಕಬ್ಬು ಆ ಉರುಳೆಗಳ ನಡುವೆ ಹೋಗುತ್ತಿತ್ತು, ಮತ್ತೆ ಕಾಣುತ್ತಿರಲಿಲ್ಲ. ಕೆಳಗೆ ಹಾಲು ನಮ್ಮ ನಾಲೆಯ ಹಾಗೆ ನೊರೆಯೆದ್ದು ಹರಿಯುತ್ತಿತ್ತು. ಮನುಷ್ಯರ ಕೈಯಲ್ಲಿ ಇಷ್ಟು ಆಗುತ್ತದೆಯೇ ಎಂದು ನನಗೆ ಮೈ ಜುಮ್ಮೆಂದಿತು. ಪಕ್ಕದಲ್ಲಿ ಮಾವ ಕೈ ಮುಗಿದು ನಿಂತಿದ್ದರು.

"ನಮ್ ಒಂದ್ ತಿಂಗ್ಳ ಗಾಣ ಕನವ್ವ," ಎಂದರು, "ಎಲೆ ಅಡ್ಕೆ ಆಕ್ಕೊಳೊ ಒತ್ಗೆ ಮುಗ್ದೋಯ್ತು."

ಆಮೇಲೆ ನನ್ನ ಕೈಯ ತಂಬಿಗೆ ತೆಗೆದುಕೊಂಡು ಆಫೀಸರ ಮುಂದೆ ಹಿಡಿದರು. ಇದು ಕುಡಿಯುವ ಹಾಲಲ್ಲ, ಇದಕ್ಕೆ ಸುಣ್ಣ ಬೀಳುತ್ತದೆ, ಗಂಧಕದ ಹೊಗೆ ಹಿಡಿಸುತ್ತಾರೆ, ಕೊಡಲಾಗುವುದಿಲ್ಲ ಎಂದು ಆಫೀಸರು ಮರ್ಯಾದೆಯಿಂದಲೇ ಹೇಳಿದರು.

"ಇಷ್ಟು ನಾಲೆ ಅಂಗ್ ಅರೀತಾ ಐತೆ," ಎಂದರು ಮಾವ, "ದಾರೀಲ್ ಓಗೋನ್ಗೆ ಒಂದ್ ಗುಟುಕಿಲ್ವಾ, ಸ್ವಾಮಿ?"

ವಾಪಸು ಬರುವಾಗ ಮಾವ ಖಾಲಿ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಗಾಡಿಯಲ್ಲಿ ಕೂತಿದ್ದರು. ಊರು ಹತ್ತಿರವಾದ ಮೇಲೆ ತಾವಾಗಿಯೇ ನನಗೆ ಹೇಳಿದರು: "ಬುಡು ಮಗ. ನಿಮ್ ನಾಗಮಂಗ್ಲದ ಐಕ್ಳೂ ಸಕ್ರೆ ಕಾಣ್ಬೇಕಲ್ವಾ? ನನ್ ಒಲೇಲಿ ಅಷ್ಟು ಆಗಾಕಿಲ್ಲ."

ಇಳಿದವರೇ ನೇರ ಆಲೆಮನೆಗೆ ಹೋಗಿ, ಉರಿಯುವ ಸಿಪ್ಪೆಯನ್ನೆಲ್ಲ ಕೈಯಾರೆ ಹೊರಗೆಳೆದು ನೀರು ಹುಯ್ದರು. ಹೊಗೆಯಲ್ಲಿ ಕೂತು ಅತ್ತರು. ಹೊಗೆಗೆ ಬಂದ ಕಣ್ಣೀರಲ್ಲ ಅದು, ನಾನು ನೋಡಿದ್ದೇನೆ.

ಮುಂದೆ ಕಾರ್ಖಾನೆಗೆ ಹೊರಟ ಕಬ್ಬಿನ ಗಾಡಿಗಳು ನಮ್ಮ ರಸ್ತೆಯಲ್ಲಿ ಸಾಲುಗಟ್ಟಿದವು. ಮಾವ ಕೊಪ್ಪರಿಗೆಯನ್ನು ರಸ್ತೆ ಬದಿಗೆ ಉರುಳಿಸಿಕೊಂಡು ಹೋಗಿ ಎತ್ತುಗಳಿಗೆ ನೀರು ತುಂಬಿಟ್ಟರು. ಗಾಡಿಯವರಿಗೆ ನಾನು ಮಜ್ಜಿಗೆ ಹೊತ್ತೆ. ಸೋತವರು ಇಷ್ಟು ದೊಡ್ಡವರಾಗಿ ನಿಲ್ಲಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಆ ಯಂತ್ರಕ್ಕಿಂತ ಹೆಚ್ಚಿನ ಬೆರಗು ನನಗೆ ಮಾವನ ಮೇಲೆ, ಇವತ್ತಿಗೂ.

"ಎಲ್ಲೋದೆ? ಬೇಕೋ ಬೇಡ್ವೋ?" ಯಜಮಾನರು ಮತ್ತೆ ಕೂಗಿದರು.

ಇಂಥ ಮಾತಿಗೆ ನಾನು ಎಂದೂ ಉತ್ತರ ಕೊಟ್ಟವಳಲ್ಲ. ಇವತ್ತು ಪಡಸಾಲೆಗೆ ಹೋಗಿ ಅವರ ಎದುರಿಗೇ ಕೂತೆ.

"ಬೇಕು," ಎಂದೆ. "ಮಾವನೋರೂ ಬೇಕು ಅಂದೇ ಒಲೆ ಆರ್ಸಿದ್ದು. ಆದ್ರೆ ಅದ್ಕೆ ಮುಂಚೆ ಅವ್ರ್ನ ಒಬ್ರೂ ಒಂದ್ ಮಾತು ಕೇಳ್ನಿಲ್ಲ."

ಯಜಮಾನರು ಕನ್ನಡಕ ತೆಗೆದರು.

"ನಾನೂ ಕೇಳ್ನಿಲ್ಲ ಕನಮ್ಮಿ," ಎಂದರು.